ಸರ್ವರ್‌ನ ಮೂಲ ಕೋಡಿಗೆ ಕೈ ಹಾಕುವ ಮುನ್ನ

ದಾಸ್ತಾನು, ಬಿಲ್ಲು, ಸಂಬಳದ ಲೆಕ್ಕ ಮುಂತಾದ ಕೆಲಸಗಳಿಗೆ ಸಿದ್ಧ ತಂತ್ರಾಂಶವನ್ನು ಕಟ್ಟಿ ಹಲವು ಸಂಸ್ಥೆಗಳಿಗೆ ಒದಗಿಸುವವರು ಬ್ರೌಸರಿನ ಕೋರಿಕೆಗಳಿಗೆ ಉತ್ತರಿಸುವ ವೆಬ್ ಸರ್ವರನ್ನು ತಾವೇ ಬರೆಯಬೇಕಾದ ಅಗತ್ಯವಿಲ್ಲ. 1995ರಿಂದ ಬೆಳೆದುಬಂದಿರುವ ಅಪಾಚೆ, 2004ರಲ್ಲಿ ಹೊರಬಂದ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರುಗಳು, ಜಾವಾ ಭಾಷೆಯ ಕೋಡನ್ನು ನಡೆಸುವ ಟಾಮ್‌ಕ್ಯಾಟ್, ಮಾಹಿತಿಯನ್ನು ಕಾಪಿಡುವ ಪೋಸ್ಟ್‌ಗ್ರೆಸ್‌ಕ್ಯೂಎಲ್ ಇವೆಲ್ಲವೂ ಮುಕ್ತವಾಗಿ ದೊರೆಯುತ್ತವೆ. ಆದರೆ ಮೂಲ ಕೋಡ್ ಕೈಗೆಟುಕುತ್ತದೆ ಎಂಬ ಒಂದೇ ಕಾರಣಕ್ಕೆ ಅದನ್ನೇ ತಿದ್ದಲು ಹೊರಡುವ ತಂಡಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಅಂಥ ಒಂದು ತಂಡವು, ಗ್ರಾಹಕರೊಬ್ಬರು ಕೇಳಿದ ಬೇರೆ ಬಗೆಯ ಲಾಗಿನ್ ವ್ಯವಸ್ಥೆಗಾಗಿ ಟಾಮ್‌ಕ್ಯಾಟ್‌ನ ಒಳಗಿನ ಕೋಡನ್ನೇ ಬದಲಿಸಿತ್ತು. ಭದ್ರತಾ ತಿದ್ದುಪಡಿಯುಳ್ಳ ಹೊಸ ಆವೃತ್ತಿ ಬಂದಾಗ, ಅದನ್ನು ಹಾಕಿದರೆ ಲಾಗಿನ್ ಕೆಡುತ್ತಿತ್ತು, ಹಾಕದಿದ್ದರೆ ದೋಷ ಹಾಗೆಯೇ ಉಳಿಯುತ್ತಿತ್ತು. ಬದಲಾವಣೆ ಮಾಡಿದವರು ಅಷ್ಟರಲ್ಲಿ ಕೆಲಸ ಬಿಟ್ಟು ಹೋಗಿದ್ದರು. ಬಳಕೆದಾರರ ಗುರುತನ್ನು ಪರಿಶೀಲಿಸುವ ಕೆಲಸಕ್ಕೆಂದೇ ಟಾಮ್‌ಕ್ಯಾಟ್ 'ರೆಲ್ಮ್' ಎಂಬ ವಿಸ್ತರಣೆಯ ದಾರಿಯನ್ನು ಒದಗಿಸಿದೆ. ಕೊನೆಗೆ ನಾವು ಆ ಬದಲಾವಣೆಗಳನ್ನೆಲ್ಲ ಹೊರತೆಗೆದು, ಅದೇ ಲಾಗಿನ್ನನ್ನು ಪ್ರತ್ಯೇಕ ರೆಲ್ಮ್ ಆಗಿ ಬರೆದ ಮೇಲೆಯೇ ಸರ್ವರನ್ನು ನವೀಕರಿಸಲು ಸಾಧ್ಯವಾಯಿತು.

ಸರ್ವರನ್ನು ಮುಟ್ಟದಿದ್ದ ಮಾತ್ರಕ್ಕೆ ನವೀಕರಣವು ಸುಲಭವಾಗಿಬಿಡುವುದಿಲ್ಲ. ಟಾಮ್‌ಕ್ಯಾಟ್ 9ರಿಂದ 10ಕ್ಕೆ ಹೋಗುವಾಗ 'ಜಾವಾಎಕ್ಸ್' ಎಂದು ಆರಂಭವಾಗುತ್ತಿದ್ದ ಸರ್ವ್‌ಲೆಟ್ (ವೆಬ್ ಕೋರಿಕೆಗಳಿಗೆ ಉತ್ತರಿಸುವ ಜಾವಾ ಕೋಡ್) ಪ್ಯಾಕೇಜುಗಳ, ಅಂದರೆ ಕೋಡಿನ ಕಟ್ಟುಗಳ, ಹೆಸರುಗಳು 'ಜಕಾರ್ತಾ' ಎಂದು ಬದಲಾದವು. ಹಳೆಯ ಹೆಸರುಗಳನ್ನು ನಂಬಿದ ಕೋಡನ್ನು ಪರಿವರ್ತಿಸದೆ ಹೊಸ ಸರ್ವರ್ ನಡೆಸುವುದಿಲ್ಲ. ತೆರಿಗೆಯ ಲೆಕ್ಕ, ರಿಯಾಯಿತಿಯ ನಿಯಮ, ದಾಸ್ತಾನಿನ ಇಳಿಕೆ ಇವನ್ನೆಲ್ಲ ಸರ್ವ್‌ಲೆಟ್‌ನೊಳಗೇ ಬರೆದಿಟ್ಟವರು ಇಡೀ ತಂತ್ರಾಂಶವನ್ನು ಜಾಲಾಡಬೇಕಾಗುತ್ತದೆ. ವೆಬ್‌ನ ಗೊಡವೆಯೇ ಇಲ್ಲದ ಪ್ರತ್ಯೇಕ ಪದರದಲ್ಲಿ ಅವನ್ನು ಇಟ್ಟಿದ್ದರೆ, ಮಾರ್ಪಾಡು ಹೊರಪದರಕ್ಕಷ್ಟೇ ಸೀಮಿತವಾಗುತ್ತದೆ. ಲೆಕ್ಕದ ಕೋಡನ್ನು ಸರ್ವರ್ ಇಲ್ಲದೆಯೇ ಪರೀಕ್ಷಿಸಿ ನೋಡಲು ಆಗದಿದ್ದರೆ ಆ ರಚನೆಯನ್ನು ನಾನು ಒಪ್ಪುವುದಿಲ್ಲ.

ಗ್ರಾಹಕರಿಂದ ಗ್ರಾಹಕರಿಗೆ ಬದಲಾಗುವ ಸಂಗತಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಒಬ್ಬೊಬ್ಬರಿಗೂ ಕೋಡಿನ ಒಂದೊಂದು ಪ್ರತಿ ಮಾಡಿ ತಿದ್ದುತ್ತ ಹೋದರೆ, ಒಂದೇ ದೋಷವನ್ನು ಅಷ್ಟೂ ಕಡೆ ಸರಿಪಡಿಸಬೇಕಾಗುತ್ತದೆ. ಅಂಥ ವ್ಯತ್ಯಾಸಗಳು ಡೇಟಾಬೇಸಿನಲ್ಲಿರುವ ಸೆಟ್ಟಿಂಗುಗಳಾಗಿಯೋ ಬೇರ್ಪಡಿಸಬಲ್ಲ ಮಾಡ್ಯೂಲುಗಳಾಗಿಯೋ ಇರಲಿ. ಡಿಸೆಂಬರ್ 2021ರಲ್ಲಿ ಲಾಗ್‌ಫೋರ್‌ಜೆ ಎಂಬ, ತಂತ್ರಾಂಶದ ಆಗುಹೋಗುಗಳನ್ನು ದಾಖಲಿಸುವ ಜಾವಾ ಲೈಬ್ರರಿಯ (ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ) ಗಂಭೀರ ದೋಷ ಬಯಲಾದಾಗ, ತಮ್ಮ ತಂತ್ರಾಂಶದಲ್ಲಿ ಯಾವ ಲೈಬ್ರರಿಯ ಯಾವ ಆವೃತ್ತಿಯಿದೆ ಎಂಬ ಪಟ್ಟಿಯನ್ನು ಮೊದಲೇ ಇಟ್ಟುಕೊಂಡಿದ್ದವರು ನೇರವಾಗಿ ದುರಸ್ತಿಗೆ ತೊಡಗಬಹುದಿತ್ತು. ಉಳಿದವರು ಮೊದಲು ಹುಡುಕಾಟ ನಡೆಸಬೇಕಾಯಿತು.

ಆ ಪಟ್ಟಿಯಲ್ಲಿ ಪರವಾನಗಿಗೂ ಒಂದು ಅಂಕಣವಿರಬೇಕು. ಅಪಾಚೆ 2.0 ಎಂಬ ಪರವಾನಗಿಯ ಕೋಡನ್ನು, ಅದರ ಪರವಾನಗಿ ಮತ್ತು ಹಕ್ಕುಸೂಚನೆಗಳನ್ನು ಉಳಿಸಿಕೊಂಡು, ಮೂಲ ಕೋಡ್ ತೆರೆದಿಡದ ಉತ್ಪನ್ನದಲ್ಲೂ ಬಳಸಬಹುದು. ಇನ್ನೊಂದು ಪರವಾನಗಿಯಾದ, 2007ರಲ್ಲಿ ಬಂದ ಎಜಿಪಿಎಲ್‌ನ ಮೂರನೆಯ ಆವೃತ್ತಿಯಾದರೋ, ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಮೂಲ ಕೋಡ್ ದೊರೆಯುವಂತೆ ಮಾಡಬೇಕೆನ್ನುತ್ತದೆ. ಈ ವ್ಯತ್ಯಾಸವನ್ನು ಲೈಬ್ರರಿಯನ್ನು ಆರಿಸುವ ದಿನವೇ ಗಮನಿಸಬೇಕು, ಏಕೆಂದರೆ ಉತ್ಪನ್ನವು ಗ್ರಾಹಕರ ಕೈ ಸೇರಿದ ಮೇಲೆ ಆ ಲೈಬ್ರರಿಯನ್ನು ಕಿತ್ತು ಬೇರೊಂದನ್ನು ಕೂರಿಸುವುದು ಬಹಳ ಕಷ್ಟದ ಕೆಲಸ.