ಮಗಳ ಮೊದಲ ಕಾರು: ಹಳೆ ಆಲ್ಟೋನಾ, ಪೋಲೋನಾ?

ಪ್ರಶ್ನೆ: ನಾವು ಶಿವಮೊಗ್ಗದವರು. ಮಗಳಿಗೆ ಈಗಷ್ಟೇ 18 ತುಂಬಿತು, ಎಲ್‌ಎಲ್ ಆಗಿದೆ. ಕಾಲೇಜಿಗೆ ಓಡಾಡೋಕೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆಯಬೇಕು, ಕೈಯಲ್ಲಿರೋದು 5 ಲಕ್ಷ. ಅವಳಿಗೆ ಪೋಲೋನೇ ಬೇಕಂತೆ. ನಾನು ಹಳೆ ಆಲ್ಟೋ ಸಾಕು, ನಿಧಾನಕ್ಕೆ ಹೋಗುತ್ತೆ, ಸೇಫ್ ಅಂತಿದ್ದೀನಿ. ಯಾವುದು ಸರಿ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ ಸರ್. ನಿಮ್ಮ ಆಲ್ಟೋ ಬೇಡ, ಮಗಳ ಪೋಲೋಗೆ ಈಗಲೇ ಹೂಂ ಅನ್ನಲೂಬೇಡಿ. ಪೆಟ್ರೋಲ್ ಸ್ವಿಫ್ಟ್, ಮ್ಯಾನುಯಲ್ ಗೇರ್, 2018ರ ಫೆಬ್ರವರಿಯಲ್ಲಿ ಬಂತಲ್ಲ ಆ ಮಾದರಿ, ಅಲ್ಲಿಂದ ಹುಡುಕಲು ಶುರು ಮಾಡಿ. ಗುರುತು ಹಿಡಿಯುವುದು ಸುಲಭ, ಹಿಂದಿನ ಬಾಗಿಲ ಹಿಡಿ ಕಿಟಕಿ ಪಕ್ಕ ಮೇಲಕ್ಕಿರುತ್ತದೆ.

ನಿಧಾನದ ಕಾರು ಅಂದರೆ ಸೇಫ್ ಕಾರು ಅನ್ನುವ ಲೆಕ್ಕ ನಿಮ್ಮೊಬ್ಬರದ್ದಲ್ಲ, ಎಲ್ಲ ಅಪ್ಪಂದಿರದ್ದೂ ಅದೇ. ಆದರೆ ಎದುರಿಗೆ ಬರುವ ಟಿಪ್ಪರ್‌ಗೆ ನಿಮ್ಮ ಮಗಳ ಕಾರು ಎಷ್ಟು ಸಿಸಿ ಅಂತ ಗೊತ್ತಿರುವುದಿಲ್ಲ. ನಮ್ಮಲ್ಲಿ ಮಾರುವ ಪ್ರತಿ ಹೊಸ ಕಾರಿಗೂ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದೇ 2019ರ ಜುಲೈಯಿಂದ. ಪಕ್ಕದ ಸೀಟಿನದು ಎಲ್ಲ ಕಾರಿಗೂ ಬರುವ ಹೊತ್ತಿಗೆ 2021 ಮುಗಿದಿತ್ತು. ಅದಕ್ಕಿಂತ ಹಿಂದಿನ ಸಣ್ಣ ಕಾರುಗಳಲ್ಲಿ, ಅದರಲ್ಲೂ ಕಡಿಮೆ ಬೆಲೆಯ ವೇರಿಯಂಟ್‌ಗಳಲ್ಲಿ, ಏರ್‌ಬ್ಯಾಗ್ ಜಾಗದಲ್ಲಿ ಬರೀ ಪ್ಲಾಸ್ಟಿಕ್ಕೇ ಜಾಸ್ತಿ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯವರು ನಮ್ಮ ಐದು ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದರು: ಆಲ್ಟೋ 800, ನ್ಯಾನೋ, ಫಿಗೋ, ಐ10, ಪೋಲೋ. ಏರ್‌ಬ್ಯಾಗ್ ಇಲ್ಲದ ಐದಕ್ಕೂ ಐದು ಸ್ಟಾರ್‌ಗೆ ಸೊನ್ನೆ. ಅದೇ ಪೋಲೋಗೆ ಎರಡು ಏರ್‌ಬ್ಯಾಗ್ ಹಾಕಿ ಗುದ್ದಿಸಿದರೆ ನಾಲ್ಕು ಸ್ಟಾರ್ ಬಂತು. ಆಮೇಲೆ ಕಂಪನಿಯವರು ಏರ್‌ಬ್ಯಾಗ್ ಇಲ್ಲದ ಪೋಲೋ ಮಾರುವುದನ್ನೇ ನಿಲ್ಲಿಸಿದರು. ಹಾಗಾಗಿ ಮಗಳ ಆಯ್ಕೆಯನ್ನು ಸುಮ್ನೆ ಶೋಕಿ ಅಂತ ತಳ್ಳಿಹಾಕಬೇಡಿ.

ಸ್ವಿಫ್ಟ್ ಏನೂ ಕಬ್ಬಿಣದ ಕೋಟೆಯಲ್ಲ, ಅದನ್ನೂ ಹೇಳಬೇಕು. ನಾನು ಹೇಳಿದ ಮಾದರಿಗೆ 2018ರ ಪರೀಕ್ಷೆಯಲ್ಲಿ ಸಿಕ್ಕಿದ್ದು ಎರಡೇ ಸ್ಟಾರ್. ಆದರೆ ಎಲ್ಲ ವೇರಿಯಂಟ್‌ನಲ್ಲೂ ಎರಡು ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇವೆ. ಸ್ಟಾರ್ ಇನ್ನೂ ಬೇಕು ಅಂದರೆ ಟಾಟಾ ಟಿಯಾಗೋ ನೋಡಿ, 2020ರ ಪರೀಕ್ಷೆಯಲ್ಲಿ ನಾಲ್ಕು ಬಂದಿದೆ. ಓಡಿಸುವ ಖುಷಿಯಲ್ಲಿ ಸ್ವಿಫ್ಟ್‌ಗೆ ಸ್ವಲ್ಪ ಕಡಿಮೆ, ಅಷ್ಟೇ.

ಖುಷಿಯ ವಿಷಯಕ್ಕೆ ಬರೋಣ, ಮಗಳು ಕಾಯುತ್ತಿರುವುದು ಅದಕ್ಕೇ ಅಲ್ವಾ. ಹೊಸಬರಿಗೆ ಮಜಾ ಕೊಡುವುದು ದೊಡ್ಡ ಇಂಜಿನ್ ಅಲ್ಲ, ಹಗುರ ಕಾರು. ಸ್ವಿಫ್ಟ್ 900 ಕೆಜಿಯೂ ಇಲ್ಲ, 83 ಹಾರ್ಸ್‌ಪವರ್ ಇದೆ. ಆಗುಂಬೆಯ 14 ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತಿ ಬಂದ ದಿನ ಅವಳೇ ಹೇಳುತ್ತಾಳೆ. ಡೀಸೆಲ್ ಬೇಡವೇ ಬೇಡ. ಬಿಎಸ್6 ಅನ್ನುವ ಹೊಸ ಹೊಗೆ ನಿಯಮದ ಡೀಸೆಲ್ ಕಾರಿನ ಹೊಗೆ ಸೋಸುವ ಫಿಲ್ಟರ್ ದಿನಾ ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಮಸಿ ಕಟ್ಟಿಕೊಂಡು ಕೂರುತ್ತದೆ. ಪೋಲೋನೇ ಅಂತ ಹಠ ಹಿಡಿದರೆ 2018ರ ನಂತರದ 1.0 ಎಂಪಿಐ, ಅಂದರೆ ಟರ್ಬೊ ಇಲ್ಲದ ಸಾದಾ ಪೆಟ್ರೋಲ್ ಇಂಜಿನ್ನಿನದು ನೋಡಬಹುದು. ಹಳೆಯ 1.2 ಮೂರು ಸಿಲಿಂಡರಿನದು ಮಂಕು. ಹಳೆಯ 1.2 ಟಿಎಸ್‌ಐ ಟರ್ಬೊ ಪೆಟ್ರೋಲ್ ಜೊತೆ ಬರುತ್ತಿದ್ದ ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಓಡಿಸಲು ಭಾರಿ ಚಂದ, ಆದರೆ ಗೇರ್‌ಬಾಕ್ಸ್ ಕೈಕೊಟ್ಟರೆ ಬಿಲ್ ನೋಡಿ ನಿಮಗೆ ಜ್ವರ ಬರುತ್ತದೆ. ಪೋಲೋ ತಯಾರಿಕೆ ನಮ್ಮಲ್ಲಿ 2022ಕ್ಕೇ ನಿಂತಿದೆ. ಅದನ್ನು ಚೆನ್ನಾಗಿ ಬಲ್ಲ ಮೆಕ್ಯಾನಿಕ್ ನಿಮ್ಮೂರಲ್ಲಿ ಯಾರಿದ್ದಾರೆ ಅಂತ ಮೊದಲು ವಿಚಾರಿಸಿ.

ಇಷ್ಟೆಲ್ಲ ಹೇಳಿದರೂ ಯಾವ ಮಾದರಿ ಅನ್ನುವುದಕ್ಕಿಂತ ಆ ಒಂದು ಕಾರು ಹೇಗಿದೆ ಅನ್ನುವುದೇ ದೊಡ್ಡದು. ನನ್ನ ತಮ್ಮನಿಗೆ ಕಾರು ನೋಡಲು ಹೋಗಿದ್ದಾಗ ಮಾರುವವರು ಕಾಫಿ ಕೊಟ್ಟು, ಕಾರು ತೊಳೆದು, ಇಂಜಿನ್ ಬೆಚ್ಚಗೆ ಮಾಡಿ ನಿಲ್ಲಿಸಿದ್ದರು. ಎಂಥಾ ಒಳ್ಳೆ ಜನ ಅಂದುಕೊಂಡು ದುಡ್ಡು ಕೊಟ್ಟು ಬಂದೆವು. ಮಾರನೇ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ, ಅಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ ಅಂತ. ಅದಕ್ಕೇ ಬೆಳಿಗ್ಗೆ ಹೋಗಿ, ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಫೋನಿನಲ್ಲಿ ಹೇಳಿ, ತಲುಪಿದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಅನುಮಾನ ಇಟ್ಟುಕೊಳ್ಳಿ.

ಆಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಮೆಲ್ಲಗೆ ಕ್ಲಚ್ ಬಿಡಿ. ಇಂಜಿನ್ ಆಫ್ ಆಗಬೇಕು. ಆಗದೆ ಗುಂಯ್ ಅನ್ನುತ್ತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ, ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಇದ್ದರೆ ಅದು ನೀರಲ್ಲಿ ಮುಳುಗಿ ಎದ್ದ ಕಾರು, ಅಲ್ಲಿಂದಲೇ ವಾಪಸ್ ಬನ್ನಿ. ಕೆಎ 19 (ಮಂಗಳೂರು), ಕೆಎ 20 (ಉಡುಪಿ) ಗಾಡಿಗಳು ಘಟ್ಟ ಹತ್ತಿ ನಿಮ್ಮ ಕಡೆ ಬರುತ್ತವೆ. ಕೆಟ್ಟವು ಅಂತಲ್ಲ, ಆದರೆ ಕಡಲ ಗಾಳಿಯ ತುಕ್ಕು ಅಡಿಯಲ್ಲಿರುತ್ತದೆ, ಲಿಫ್ಟಿಗೆ ಏರಿಸಿಯೇ ನೋಡಿ. ಮೀಟರ್ 30,000 ತೋರಿಸುತ್ತಾ ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಪೆಡಲ್ ಹೇಳುವುದನ್ನು ನಂಬಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರದ್ದು, ಅಷ್ಟು ಹಳೆಯದಾದರೆ ಬದಲಾಯಿಸಲೇಬೇಕು.

ಇದೇ ಕಾರಣಕ್ಕೆ 5 ಲಕ್ಷವನ್ನೂ ಕಾರಿಗೇ ಸುರಿಯಬೇಡಿ. ನಾಲ್ಕೂವರೆಗೆ ನಿಲ್ಲಿಸಿ. ಟೈರು, ಬ್ಯಾಟರಿ, ಒಂದು ಪೂರ್ತಿ ಸರ್ವಿಸ್, ಇನ್ಶೂರೆನ್ಸ್ ಎಲ್ಲ ಉಳಿದದ್ದರಲ್ಲಿ ಆಗಬೇಕು. ಮಾರುವವರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಇನ್ಶೂರೆನ್ಸಿನಲ್ಲಿ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಅದು ಅವರದ್ದೇ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35 ಕೈಗೆ ಬಂದ ಮೇಲೆ ಪೂರ್ತಿ ದುಡ್ಡು ಕೊಡಿ. ದೆಹಲಿ ನಂಬರ್ ಗಾಡಿ ಅಗ್ಗಕ್ಕೆ ಸಿಗುತ್ತದೆ, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ರೀ-ರಿಜಿಸ್ಟ್ರೇಷನ್ ಮಾಡಿಸುವ ಹೊತ್ತಿಗೆ ಆ ಅಗ್ಗ ಎಲ್ಲ ಕರಗಿರುತ್ತದೆ.

ಎಲ್‌ಎಲ್ ಆಗಿ 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್ ಕೊಡಬಹುದು. ಅದು ಬರುವ ತನಕ ಎಲ್ ಬೋರ್ಡ್ ಹಾಕಿ, ಪಕ್ಕದಲ್ಲಿ ನೀವು ಕೂತೇ ಓಡಿಸಲಿ. ಕಾರು ನೋಡಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗಿ. ಕಾಲು ಕ್ಲಚ್‌ಗೆ ಪೂರ್ತಿ ಸಿಗುತ್ತಾ, ಬಾನೆಟ್ ತುದಿ ಕಾಣುತ್ತಾ ಅಂತ ಅವಳೇ ಕೂತು ನೋಡಬೇಕು. ರೇಟ್ ಮಾತಾಡುವಾಗ ಮಾತ್ರ ಹೊರಗೆ ಕಳಿಸಿ. ಕಾರು ಇಷ್ಟ ಆಯಿತು ಅಂತ ಮುಖದಲ್ಲಿ ಕಂಡರೆ ಮಾರುವವರು ಒಂದು ರೂಪಾಯಿಯನ್ನೂ ಇಳಿಸುವುದಿಲ್ಲ.