ಮೂಗಿನ ಹಗ್ಗ ಬಿಚ್ಚಿದ ಮೇಲೆ: ಕುಣಿಯುವ ಕರಡಿಗಳ ಕಥೆ ಎಲ್ಲಿಂದ ಎಲ್ಲಿಗೆ ಬಂತು

ನಮ್ಮ ಮನೆಯ ಹಳೇ ಟ್ರಂಕಿನಲ್ಲಿ ಒಂದು ತಾಮ್ರದ ತಾಯತ ಇದೆ. ಒಂದು ತುದಿಯ ಅರಗು ಉದುರಿಹೋಗಿ ಒಳಗಿಂದ ಎರಡು ಕಪ್ಪು ಕೂದಲು ಇಣುಕುತ್ತವೆ. ಕರಡಿ ಕೂದಲು. ಮೂರು ನಾಲ್ಕು ವರ್ಷದವನಿದ್ದಾಗ ನಾನು ರಾತ್ರಿ ಬೆಚ್ಚಿಬೀಳುತ್ತಿದ್ದೆನಂತೆ. ಕರಡಿ ಆಡಿಸುವವನು ಊರಿಗೆ ಬಂದಾಗ ಅಜ್ಜಿ ಒಂದು ಸೇರು ರಾಗಿ ಅಳೆದು ಕೊಟ್ಟು ನನ್ನನ್ನು ಅದರ ಬೆನ್ನ ಮೇಲೆ ಕೂರಿಸಿದರು. "ಹೆದರ್ಬೇಡ ಮಗಾ, ಒಂದ್ಸಲ ಕೂತ್ರೆ ಭಯ ಬಿಟ್ಟು ಹೋಗುತ್ತೆ" ಅಂದಿದ್ದರು. ಭಯ ಹೋಯಿತೋ ಇಲ್ಲವೋ ಗೊತ್ತಿಲ್ಲ. ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಆ ಹಗ್ಗ. ಅದು ಕುತ್ತಿಗೆಗೆ ಕಟ್ಟಿದ್ದಲ್ಲ, ಮೂಗನ್ನು ತೂತು ಮಾಡಿ ಪೋಣಿಸಿದ್ದು. ತೂತಿನ ಸುತ್ತ ಹಸಿ ಗಾಯ, ಗಾಯದ ತುಂಬ ನೊಣ.

ಈಗಿನ ಮಕ್ಕಳು ಬೀದಿಯಲ್ಲಿ ಕರಡಿ ಕುಣಿದದ್ದನ್ನು ನೋಡಿಲ್ಲ. ಆದರೆ ಕರಡಿಗಳನ್ನು ಕಾಪಾಡಿದ ವಿಡಿಯೋಗಳು ಎಲ್ಲರ ಫೋನಿಗೂ ಬರುತ್ತವೆ. ಜೊತೆಗೆ ಪ್ರಶ್ನೆಗಳೂ ಬರುತ್ತವೆ. ಕುಣಿತ ಯಾವತ್ತೋ ನಿಂತಿದ್ದರೆ ಬನ್ನೇರುಘಟ್ಟದಲ್ಲಿ ಆ ಕರಡಿಗಳು ಇನ್ನೂ ಯಾಕಿವೆ? ಕಾಡಿಗೆ ಬಿಟ್ಟುಬಿಡಬಹುದಲ್ವಾ? ಕಾನೂನು ಮೊದಲೇ ಇತ್ತು ಅನ್ನುತ್ತಾರೆ, ಹಾಗಾದರೆ ಅಷ್ಟು ವರ್ಷ ಹೇಗೆ ನಡೆಯಿತು? ಒಂದೊಂದು ಕಡೆ ಒಂದೊಂದು ಇಸವಿ, ಒಂದೊಂದು ಸಂಸ್ಥೆಯ ಹೆಸರು. ಓದುವವರಿಗೆ ತಲೆ ಕೆಡುವುದು ಸಹಜ. ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಕರಡಿ ಕುಣಿಸುವುದು ನಮ್ಮ ದೇಶದಲ್ಲಿ ಮಾತ್ರ ಇದ್ದದ್ದಲ್ಲ. ಯುರೋಪಿನ ಸಂತೆಗಳಲ್ಲಿ ಶತಮಾನಗಳ ಕಾಲ ನಡೆದಿದೆ. ಇಂಗ್ಲೆಂಡಿನಲ್ಲಿ ಕರಡಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿ ಬಿಡುವ ಆಟವೂ ಇತ್ತು; 1835ರಲ್ಲಿ ಕಾನೂನು ಅದನ್ನು ನಿಲ್ಲಿಸಿತು. ನಮ್ಮಲ್ಲಿ ಈ ಕೆಲಸ ಮಾಡುತ್ತಿದ್ದವರಲ್ಲಿ ಕಲಂದರ್ ಸಮುದಾಯದವರೇ ಹೆಚ್ಚು. ಮೊಘಲರ ಆಸ್ಥಾನಗಳಲ್ಲಿ ಕರಡಿ ಆಡಿಸುತ್ತಿದ್ದೆವು ಎಂದು ಅವರು ಹೇಳಿಕೊಳ್ಳುತ್ತಾರೆ. ಆಸ್ಥಾನಗಳು ಹೋದವು, ಆಟ ಬೀದಿಗೆ ಬಂತು.

ಆಮೇಲೆ ಕಾನೂನುಗಳು. ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪ್ರಾಣಿಗಳ ಪರವಾಗಿ ಹಟ ಹಿಡಿದರು. ಅದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ಬಳಸಬಾರದು ಎಂದಿತು. ಸರ್ಕಸ್‌ನವರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ಎತ್ತಿಹಿಡಿಯಿತು.

ಇಷ್ಟೆಲ್ಲ ಇದ್ದರೂ ಕರಡಿಗಳು ಬೀದಿಯಲ್ಲೇ ಇದ್ದವು. ಗೋಜಲು ಶುರುವಾಗುವುದೇ ಇಲ್ಲಿ.

ಒಬ್ಬ ಅರಣ್ಯಾಧಿಕಾರಿ ಕಾನೂನು ಪ್ರಕಾರ ಕರಡಿಯನ್ನು ವಶಕ್ಕೆ ತಗೊಂಡ ಅಂತಿಟ್ಟುಕೊಳ್ಳಿ. ಮುಂದೆ? ಅದನ್ನು ಎಲ್ಲಿ ಇಡುವುದು? ಮೃಗಾಲಯಗಳಲ್ಲಿ ಜಾಗ ಇಲ್ಲ. ರೇಂಜ್ ಆಫೀಸಿನ ಅಂಗಳದಲ್ಲಿ ಕಟ್ಟಿಹಾಕಲು ಆಗುವುದಿಲ್ಲ. ಇತ್ತ ಕರಡಿ ಕಳಕೊಂಡ ಮನೆಯಲ್ಲಿ ಅವತ್ತು ರಾತ್ರಿ ಒಲೆ ಉರಿಯುವುದಿಲ್ಲ. ಹೊಟ್ಟೆ ಕೇಳಬೇಕಲ್ಲ, ಇನ್ನೊಂದು ಮರಿಗೆ ಹುಡುಕಾಟ ಶುರು. ಅಂದರೆ ಕಾಡಿನಲ್ಲಿ ಇನ್ನೊಂದು ತಾಯಿ ಕರಡಿಯ ಮರಿ ಹೋಯಿತು ಅಂತಲೇ. ಚಿಲ್ಲರೆ ಹಾಕುವ ಕೈಗಳಂತೂ ನಿಂತಿರಲಿಲ್ಲ. ಅವುಗಳಲ್ಲಿ ನಮ್ಮ ಮನೆಯ ಕೈಯೂ ಇತ್ತು.

ಈ ಮರಿ ಹಿಡಿಯುವ ವಿಷಯ ಹೇಳಲೇಬೇಕು, ಯಾಕೆಂದರೆ ಬೀದಿಯಲ್ಲಿ ಆಟ ನೋಡುತ್ತಿದ್ದವರಿಗೆ ಅದು ಕಾಣುತ್ತಿರಲಿಲ್ಲ. ಕರಡಿ ಚಳಿಗಾಲದಲ್ಲಿ ಗವಿಯೊಳಗೆ ಮರಿ ಹಾಕುತ್ತದೆ. ಒಂದೋ ಎರಡೋ. ಸ್ವಲ್ಪ ಬಲಿತ ಮೇಲೆ ಬೆನ್ನ ಮೇಲೆ ಹೊತ್ತುಕೊಂಡೇ ತಿರುಗುತ್ತದೆ, ಎರಡು ವರ್ಷಕ್ಕೂ ಜಾಸ್ತಿ ಜೊತೆಯಲ್ಲೇ ಇಟ್ಟುಕೊಳ್ಳುತ್ತದೆ. ಮರಿಗಳು ಇನ್ನೂ ಕೆಲವೇ ವಾರದವು ಇದ್ದಾಗ, ತಾಯಿ ಮೇಯಲು ಹೋದ ಹೊತ್ತು ನೋಡಿ ಎತ್ತಿಕೊಂಡು ಬರುತ್ತಿದ್ದರು. ಕೆಲವು ಸಲ ತಾಯಿಯನ್ನು ಕೊಂದೇ ತರುತ್ತಿದ್ದರು. ಆಮೇಲೆ ಕಾದ ಕಬ್ಬಿಣದ ಸೂಜಿಯಿಂದ ಮೂತಿ ತೂತು ಮಾಡಿ ಹಗ್ಗ ಪೋಣಿಸುವುದು. ಅರಿವಳಿಕೆ ಇಲ್ಲ, ಔಷಧಿ ಇಲ್ಲ. ಕೋರೆಹಲ್ಲುಗಳನ್ನು ಮುರಿಯುವುದು.

ಕರಡಿಗೆ ಮೂಗೇ ಬದುಕು. ನಮ್ಮ ಕರಡಿ ಹುತ್ತ ಅಗೆದು ಗೆದ್ದಲು ತಿನ್ನುವ ಪ್ರಾಣಿ. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲು ಇರುವುದೇ ಇಲ್ಲ. ಮೂಗಿನ ಹೊಳ್ಳೆ ಮುಚ್ಚಿಕೊಂಡು, ಮಣ್ಣು ಊದಿ ಹಾರಿಸಿ, ಆ ಸಂದಿಯಿಂದ ಗೆದ್ದಲನ್ನು ಸೊರ್ ಅಂತ ಹೀರುತ್ತದೆ. ಆ ಸದ್ದು ಕಾಡಿನಲ್ಲಿ ದೂರದವರೆಗೂ ಕೇಳುತ್ತದೆ. ಅಂಥ ಮೂಗಿಗೆ ಹಗ್ಗ. ಹಗ್ಗ ಜಗ್ಗಿದಾಗ ನೋವು ತಡೆಯಲಾಗದೆ ಅದು ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತಿತ್ತು. ನಾವು ಅದಕ್ಕೆ ಕುಣಿತ ಅಂತ ಹೆಸರಿಟ್ಟೆವು.

1995ರಲ್ಲಿ ಬೆಂಗಳೂರು ಮೂಲದ ಕಾರ್ತಿಕ್ ಸತ್ಯನಾರಾಯಣ್ ಮತ್ತು ದೆಹಲಿಯಲ್ಲಿ ಮೇಷ್ಟರಾಗಿದ್ದ ಗೀತಾ ಶೇಷಮಣಿ ಸೇರಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕಟ್ಟಿದರು. ಅವರು ಮೊದಲು ಮಾಡಿದ ಕೆಲಸ ಕರಡಿ ಹಿಡಿದು ತರುವುದಲ್ಲ. ಕಲಂದರ್ ಕೇರಿಗಳಿಗೆ ಹೋಗಿ ಕೂತು, ಅವರ ಜೊತೆ ಮಾತಾಡಿ, ಲೆಕ್ಕ ಹಾಕಿದರು. ದೇಶದಲ್ಲಿ ಸುಮಾರು 1200 ಕರಡಿಗಳು ಹಗ್ಗದಲ್ಲಿವೆ ಎಂದು ಅಂದಾಜು ಸಿಕ್ಕಿತು. ಜೊತೆಗೆ ಇನ್ನೊಂದು ವಿಷಯವೂ ತಿಳಿಯಿತು. ಕರಡಿ ಆಡಿಸುವವರಿಗೂ ಈ ಬದುಕು ಸಾಕಾಗಿತ್ತು. ಊರೂರು ಅಲೆದು ಹೊಟ್ಟೆ ತುಂಬುತ್ತಿರಲಿಲ್ಲ. ಮಕ್ಕಳು ಶಾಲೆಯ ಮುಖ ನೋಡಿರಲಿಲ್ಲ. ಬೇರೆ ದಾರಿ ತೋರಿಸಿ, ಬಿಡುತ್ತೇವೆ ಎನ್ನುವವರು ಅವರಲ್ಲಿದ್ದರು.

ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ತಿರುವು ಅಂದರೆ ಇದೇ. ಅಲ್ಲಿಯವರೆಗೆ ಎಲ್ಲರೂ ಹಗ್ಗದ ಒಂದು ತುದಿಯನ್ನು ಮಾತ್ರ ನೋಡುತ್ತಿದ್ದರು. ಇನ್ನೊಂದು ತುದಿ ಹಿಡಿದಿದ್ದವನಿಗೂ ಹೆಂಡತಿ ಮಕ್ಕಳಿದ್ದರು.

ಹೊಸ ವ್ಯವಸ್ಥೆ ಹೀಗಿತ್ತು. ಕರಡಿಯನ್ನು ತಾನಾಗಿಯೇ ತಂದೊಪ್ಪಿಸಬೇಕು. ಮತ್ತೆ ಈ ಕೆಲಸಕ್ಕೆ ಕೈ ಹಾಕುವುದಿಲ್ಲ ಎಂದು ಬರೆದುಕೊಡಬೇಕು. ಬದಲಿಗೆ ಸುಮಾರು 50,000 ರೂಪಾಯಿ ನೆರವು. ಅದರಿಂದ ಆಟೋ ಓಡಿಸಲು, ಅಂಗಡಿ ಇಡಲು, ಕಸುಬು ಕಲಿಯಲು ಅನುಕೂಲ. ಹೆಂಗಸರಿಗೆ ಹೊಲಿಗೆ, ಮಕ್ಕಳಿಗೆ ಶಾಲೆ. ದುಡ್ಡಿನ ಬಹುಪಾಲು ಹೊರಗಿನಿಂದ ಬಂತು: ಬ್ರಿಟನ್ನಿನ ಇಂಟರ್‌ನ್ಯಾಷನಲ್ ಅನಿಮಲ್ ರೆಸ್ಕ್ಯೂ, ಫ್ರಾನ್ಸಿನ ಒನ್ ವಾಯ್ಸ್, ಆಸ್ಟ್ರೇಲಿಯಾದ ಫ್ರೀ ದ ಬೇರ್ಸ್. ಈ ಕೊನೆಯದನ್ನು ಶುರು ಮಾಡಿದವರು ಪರ್ತ್ ನಗರದ ಮೇರಿ ಹಟ್ಟನ್ ಎಂಬ ಗೃಹಿಣಿ. ಔಷಧಿಗೆ ಬಳಸುವ ಪಿತ್ತರಸಕ್ಕಾಗಿ ಕರಡಿಗಳನ್ನು ಕಿರಿದಾದ ಪಂಜರಗಳಲ್ಲಿ ಇಟ್ಟಿದ್ದನ್ನು ಟಿವಿಯಲ್ಲಿ ನೋಡಿ ತಡೆಯಲಾಗದೆ ಸಹಿ ಸಂಗ್ರಹಕ್ಕೆ ಹೊರಟವರು. ಎಲ್ಲಿಯ ಪರ್ತ್, ಎಲ್ಲಿಯ ಕಲಂದರ್ ಕೇರಿ!

2002ರ ಡಿಸೆಂಬರಿನಲ್ಲಿ ಮೊದಲ ಕರಡಿಗಳು ಆಗ್ರಾ ಹತ್ತಿರದ ಕೇಂದ್ರಕ್ಕೆ ಬಂದವು. 2005ರಲ್ಲಿ ನಮ್ಮ ಬನ್ನೇರುಘಟ್ಟದಲ್ಲಿ ಕೇಂದ್ರ ಆಯಿತು. ಆಮೇಲೆ ಭೋಪಾಲ್, ಪಶ್ಚಿಮ ಬಂಗಾಳದ ಪುರುಲಿಯಾ. ಅಧಿಕಾರಿಯ "ಎಲ್ಲಿ ಇಡುವುದು" ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಕೂಡಲೇ ಹಳೇ ಕಾನೂನಿಗೂ ಜೀವ ಬಂತು. 2009ರ ಡಿಸೆಂಬರಿನಲ್ಲಿ ರಾಜು ಎಂಬ ಕರಡಿಯನ್ನು ಬನ್ನೇರುಘಟ್ಟಕ್ಕೆ ಕರೆತಂದರು. ದೇಶದ ಕೊನೆಯ ಕುಣಿಯುವ ಕರಡಿ ಎಂದು ದಾಖಲಾಗಿರುವುದು ಅದೇ. ಒಟ್ಟು 628 ಕರಡಿಗಳ ಹಗ್ಗ ಬಿಚ್ಚಿಸಿದ್ದಾಗಿ ಸಂಸ್ಥೆಯ ಲೆಕ್ಕ. ಈ ಆಟದ ಒಂದು ಕೊನೆ ನಮ್ಮ ಕರ್ನಾಟಕದಲ್ಲೇ ಆಯಿತು ಅನ್ನುವುದು ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ಬಲ್ಗೇರಿಯಾದಲ್ಲೂ ಹೆಚ್ಚುಕಡಿಮೆ ಹೀಗೇ ನಡೆಯಿತು. ಫೋರ್ ಪಾಸ್ ಸಂಸ್ಥೆ 2000ದಲ್ಲಿ ಬೆಲಿತ್ಸಾ ಎಂಬಲ್ಲಿ ಕರಡಿಗಳಿಗೆ ಬೆಟ್ಟದ ಜಾಗ ಮಾಡಿತು, 2007ಕ್ಕೆ ಅಲ್ಲಿನ ಕೊನೆಯ ಕುಣಿಯುವ ಕರಡಿಗಳು ಬಂದು ಸೇರಿದವು. ನೇಪಾಳದಲ್ಲಿ 2017ರವರೆಗೂ ಎರಡು ಉಳಿದಿದ್ದವು, ರಂಗೀಲಾ ಮತ್ತು ಶ್ರೀದೇವಿ. ಕಾಪಾಡಿ ತಂದು ಮೃಗಾಲಯದಲ್ಲಿ ಇಟ್ಟರು. ಶ್ರೀದೇವಿ ಅಲ್ಲೇ ಸತ್ತಿತು. ರಂಗೀಲಾ 2018ರಲ್ಲಿ ಆಗ್ರಾಕ್ಕೆ ಬಂತು. ಹಗ್ಗ ಬಿಚ್ಚಿದರೆ ಸಾಲದು, ಆಮೇಲಿನ ಜಾಗವೂ ಸರಿಯಾಗಿರಬೇಕು ಎನ್ನುವುದಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ.

ಈಗ ಆ ಮೊದಲ ಪ್ರಶ್ನೆ. ಕಾಡಿಗೆ ಯಾಕೆ ಬಿಡುವುದಿಲ್ಲ? ಕೋರೆಹಲ್ಲು ಇಲ್ಲ. ಹುತ್ತ ಹುಡುಕುವುದನ್ನು ತಾಯಿಯಿಂದ ಕಲಿತಿಲ್ಲ. ಮನುಷ್ಯನನ್ನು ಕಂಡರೆ ದೂರ ಹೋಗುವುದಿಲ್ಲ, ಹತ್ತಿರ ಬರುತ್ತದೆ. ಕೆಲವಕ್ಕೆ ಕಣ್ಣು ಕಾಣುವುದಿಲ್ಲ. ಜನರ ನಡುವೆ ಇದ್ದು ಎಷ್ಟೋ ಕರಡಿಗಳಿಗೆ ಕ್ಷಯ ಅಂಟಿಕೊಂಡಿತ್ತು. ಅಂಥದ್ದನ್ನು ಕಾಡಿಗೆ ಬಿಟ್ಟರೆ ಕಾಡಿನ ಕರಡಿಗಳಿಗೂ ಗಂಡಾಂತರ. ಹಾಗಾಗಿ ಅವು ಸಾಯುವವರೆಗೂ ಸಾಕಬೇಕು. ಚೆನ್ನಾಗಿ ನೋಡಿಕೊಂಡರೆ ಕರಡಿ ಮೂವತ್ತು ವರ್ಷದ ಹತ್ತಿರಕ್ಕೂ ಬದುಕುತ್ತದೆ.

ಹಗ್ಗ ಕತ್ತರಿಸಲು ಕೆಲವೇ ನಿಮಿಷ ಸಾಕು. ಅರಿವಳಿಕೆ ಕೊಡುತ್ತಾರೆ, ಕತ್ತರಿಸುತ್ತಾರೆ, ಗಾಯ ತೊಳೆಯುತ್ತಾರೆ. ಆಮೇಲೆ ಪ್ರತಿ ದಿನದ ಕೆಲಸ. ಬನ್ನೇರುಘಟ್ಟದಲ್ಲಾದರೆ ದೊಡ್ಡ ಪಾತ್ರೆಗಳಲ್ಲಿ ರಾಗಿ ಗಂಜಿ. ಮೇಲೆ ಹಣ್ಣು. ಮರದ ದಿಮ್ಮಿಯ ತೂತಿಗೆ ಜೇನು ತುಂಬಿ ಅವು ಹುಡುಕಿ ತಿನ್ನುವ ಹಾಗೆ ಮಾಡುತ್ತಾರೆ, ಸುಮ್ನೆ ಬೇಜಾರಾಗಿ ಕೂರದಿರಲಿ ಅಂತ. ಹಲ್ಲಿಗೆ ಚಿಕಿತ್ಸೆ, ಕಣ್ಣಿಗೆ ಔಷಧಿ, ವಯಸ್ಸಾದವಕ್ಕೆ ಕೀಲುನೋವಿನ ಮಾತ್ರೆ. ಹಗ್ಗ ಕತ್ತರಿಸುವ ವಿಡಿಯೋ ನೋಡಿ ಜನ ಕಣ್ಣೀರು ಹಾಕಿ ದುಡ್ಡು ಕಳಿಸುತ್ತಾರೆ. ಹದಿನೈದನೇ ವರ್ಷದ ಕೀಲುನೋವಿನ ಮಾತ್ರೆಗೆ ಯಾರ ಕಣ್ಣೂ ತುಂಬುವುದಿಲ್ಲ. ಪ್ರಾಣಿ ಕಾಪಾಡುವ ಸಂಸ್ಥೆಗಳಿಗೆ, ಅದು ಯಾವ ದೇಶದ್ದಾಗಲಿ, ನಿಜವಾದ ಕಷ್ಟದ ಕಾಲ ಅದು.

ಇತ್ತ ಕಾಡಿನ ಕರಡಿಗಳ ಕಥೆ ಬೇರೆಯೇ ದಾರಿ ಹಿಡಿದಿದೆ. 1994ರಲ್ಲಿ ಹೊಸಪೇಟೆ ಹತ್ತಿರದ ದರೋಜಿಯನ್ನು ಕರಡಿಧಾಮ ಎಂದು ಘೋಷಿಸಿದರು. ಅಲ್ಲಿನ ಬಂಡೆಗಳಿಗೆ ಸಿಬ್ಬಂದಿ ಬೆಲ್ಲದ ಪಾಕ ಸವರುವುದು, ಸಂಜೆ ಕರಡಿಗಳು ಗುಡ್ಡ ಇಳಿದು ಬಂದು ನೆಕ್ಕುವುದು ನೋಡಲು ಜನ ಹೋಗುತ್ತಾರೆ. ಆದರೆ ಎಲ್ಲ ಕರಡಿಗಳೂ ಧಾಮದೊಳಗಿಲ್ಲ. ಬಳ್ಳಾರಿ, ಕೊಪ್ಪಳ, ತುಮಕೂರು ಕಡೆಯ ಕಲ್ಲುಗುಡ್ಡಗಳ ಗವಿಗಳೇ ಅವುಗಳ ಮನೆ. ಆ ಗುಡ್ಡಗಳಲ್ಲಿ ಕೆಲವು ಕ್ವಾರಿಗಳಾಗಿವೆ. ಕರಡಿ ಹೊಲಕ್ಕೆ ಬರುತ್ತದೆ. ಬೆಳಗಿನ ಜಾವ ನೀರು ಕಟ್ಟಲು ಹೋದ ರೈತನ ಮೇಲೆ ಬೀಳುತ್ತದೆ. ಮುಖ ಪರಚಿಸಿಕೊಂಡ ಮನುಷ್ಯನ ನೋವೂ ಸಣ್ಣದಲ್ಲ. ಹಂದಿಗೆ ಅಂತ ಇಟ್ಟ ಉರುಳಿಗೆ ಕರಡಿ ಸಿಕ್ಕಿಕೊಳ್ಳುತ್ತದೆ, ತಂತಿ ಸೊಂಟದ ಮಾಂಸದೊಳಗೆ ಇಳಿಯುತ್ತದೆ. ಕರಡಿ ಕಾಪಾಡುವವರಿಗೆ ಈಗ ಬರುವ ಕರೆಗಳು ಇಂಥವು. ಇಲ್ಲಿ ಒಂದೇ ಸಮುದಾಯದ ಜೊತೆ ಕೂತು ಮಾತಾಡಿದರೆ ಮುಗಿಯುವುದಿಲ್ಲ. ರೈತ, ಕ್ವಾರಿ, ಅರಣ್ಯ ಇಲಾಖೆ, ರಸ್ತೆ ಎಲ್ಲವೂ ಸೇರಿದ ಗಂಟು ಇದು. ಆದರೂ ಕಲಂದರ್ ಕೇರಿಯಲ್ಲಿ ಮಾಡಿದ ಹಾಗೆ, ನಷ್ಟ ಯಾರಿಗೆ ಆಗುತ್ತಿದೆಯೋ ಅವರ ಮನೆ ಬಾಗಿಲಿಂದಲೇ ಶುರು ಮಾಡಬೇಕು ಅಂತ ನನಗನ್ನಿಸುತ್ತದೆ.

ಹೋದ ಸಲ ಮಗಳನ್ನು ಬನ್ನೇರುಘಟ್ಟದ ಸಫಾರಿಗೆ ಕರಕೊಂಡು ಹೋಗಿದ್ದೆ. ಮರದ ಕೆಳಗೆ ಒಂದು ಮುದಿ ಕರಡಿ ನಿಂತಿತ್ತು. ವ್ಯಾನು ಹತ್ತಿರ ಬಂದ ಹಾಗೆ ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸತೊಡಗಿತು, ಒಂದೇ ತಾಳದಲ್ಲಿ. ಹಗ್ಗ ಇಲ್ಲ, ಬಡಿಗೆ ಇಲ್ಲ. ಮೂತಿಯ ಮೇಲೆ ಕೂದಲಿಲ್ಲದ ಒಂದು ಗೆರೆ ಮಾತ್ರ.

"ಅಪ್ಪಾ, ಅದ್ಯಾಕೆ ಹಂಗೆ ಮಾಡ್ತಿದೆ?" ಅಂದಳು.

ನಾನು ತಾಯತದ ವಿಷಯದಿಂದ ಹೇಳಲು ಶುರು ಮಾಡಿದೆ. ಡ್ರೈವರ್ ಎಂಜಿನ್ ಆಫ್ ಮಾಡಿದರು. ಸ್ವಲ್ಪ ಹೊತ್ತಿಗೆ ಕರಡಿ ತಲೆ ಆಡಿಸುವುದನ್ನು ನಿಲ್ಲಿಸಿ, ಪಕ್ಕದ ಕೊಳೆತ ದಿಮ್ಮಿಯ ಕಡೆ ತಿರುಗಿ, ಅದಕ್ಕೆ ಮೂಗು ಇಟ್ಟು ಮೂಸತೊಡಗಿತು.