ತೂಕ ಇಳಿಯದಿದ್ದರೂ ರಿಪೋರ್ಟ್ ಬದಲಾಗುತ್ತದೆ

ಮೂರು ತಿಂಗಳಿಂದ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದರೂ ಒಂದು ಕೆಜಿ ಇಳಿದಿಲ್ಲ ಎಂದು ಬೇಸತ್ತು ನಡಿಗೆ ಬಿಡುವವರು ಮೈಸೂರಿನಲ್ಲಿ ಕಡಿಮೆಯಿಲ್ಲ. ಬಿಡುವ ಮುನ್ನ ತೂಕದ ಯಂತ್ರ ಬದಿಗಿಟ್ಟು ಟೇಪು ಹಿಡಿಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಟ್ಟನಡುವೆ ಸುತ್ತಿ, ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಅಳತೆ ಸುಳ್ಳು. ನಮ್ಮವರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ತೂಕ ಕದಲದಿದ್ದರೂ ಕರುಳಿನ ಸುತ್ತ, ಲಿವರಿನಲ್ಲಿ ಕೂತ ಕೊಬ್ಬು ನಡಿಗೆಗೆ ಕರಗುತ್ತದೆ. ಅಪಾಯ ಹೆಚ್ಚಿರುವುದೂ ಅದೇ ಕೊಬ್ಬಿನಲ್ಲಿ.

ತೂಕ ಇಳಿಯದಿರುವುದಕ್ಕೆ ಕಾರಣ ನೇರ ಲೆಕ್ಕ. ಮುಕ್ಕಾಲು ಗಂಟೆಯ ಬಿರುಸು ನಡಿಗೆಗೆ ಖರ್ಚಾಗುವುದು ಸುಮಾರು 200 ಕ್ಯಾಲೊರಿ. ವಾಕಿಂಗ್ ಮುಗಿಸಿ ಗೆಳೆಯರ ಜೊತೆ ಬೆಣ್ಣೆ ಹಾಕಿದ ಮಸಾಲೆ ದೋಸೆ, ಸಕ್ಕರೆ ಕಾಫಿ ಆದರೆ ಅದಕ್ಕಿಂತ ಹೆಚ್ಚೇ ವಾಪಸ್ಸು.

ಹಾಗಾದರೆ ನಡೆದದ್ದು ಎಲ್ಲಿ ಹೋಯಿತು? ಬೊಜ್ಜು ಬಂದವರ ಸ್ನಾಯು, ರಕ್ತದ ಸಕ್ಕರೆಯನ್ನು ಜೀವಕೋಶದೊಳಕ್ಕೆ ಕಳಿಸುವ ಹಾರ್ಮೋನು ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಆದರೆ ಸ್ನಾಯು ದುಡಿಯುವಾಗ ಗ್ಲುಟ್-4 ಎಂಬ ಪ್ರೋಟೀನು ಇನ್ಸುಲಿನ್ನಿಗೆ ಕಾಯದೆ ಜೀವಕೋಶದ ಹೊರಪೊರೆಗೆ ಬಂದು ರಕ್ತದ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್ನಿಗೆ ಓಗೊಡುತ್ತದೆ. ಮೂರನೇ ದಿನಕ್ಕೆ ಆ ಗುಣ ಬಹುಮಟ್ಟಿಗೆ ಇಳಿದಿರುತ್ತದೆ. ಅದಕ್ಕೇ ಭಾನುವಾರ ಒಂದೇ ದಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ವಾರವಿಡೀ ಕುರ್ಚಿಯಲ್ಲಿ ಕೂರುವುದಕ್ಕಿಂತ, ಐದು ದಿನ ಅರ್ಧರ್ಧ ಗಂಟೆ ನಡೆಯುವುದು ಲಾಭ. ಮಧ್ಯೆ ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಮಂಡಿ ನೋವಿದ್ದವರು ಬೆಟ್ಟ ಹತ್ತಿದರೂ ಇಳಿಯಲು ಬಸ್ಸು ಹಿಡಿಯಲಿ. ಇಳಿಯುವಾಗ ಮಂಡಿಯ ಮೇಲೆ ಭಾರ ಹೆಚ್ಚು.

ಮಂಡ್ಯ ಕಡೆ ಇನ್ನೊಂದು ಮಾತು ಕೇಳಿಬರುತ್ತದೆ: ‘ನಾವು ದಿನಾ ಗದ್ದೆಗೆ ಹೋಗ್ತೀವಲ್ಲ ಸಾರ್.’ ಬೈಕಿನಲ್ಲಿ ಹೋಗಿ, ಬದುವಿನ ಮೇಲೆ ನಿಂತು ಆಳುಗಳಿಗೆ ಕೆಲಸ ಹೇಳಿ ಬರುವುದು ಈ ಲೆಕ್ಕಕ್ಕೆ ಸೇರದು. ಮುದ್ದೆಗೆ ಶುಗರ್ ಏರಲ್ಲ ಎಂಬುದೂ ಹಾಗೇ. ಎರಡು ದೊಡ್ಡ ಮುದ್ದೆ ಉಂಡರೆ ಏರಿಯೇ ಏರುತ್ತದೆ. ಉಂಡ ಅರ್ಧ ಗಂಟೆಯೊಳಗೆ 15 ನಿಮಿಷ ನಡೆದರೆ ಆ ಏರಿಕೆ ತಗ್ಗುತ್ತದೆ. ನಾಲೆ ಏರಿಯೇ ಬೇಕಿಲ್ಲ, ಅಂಗಳ ಸಾಕು.

ನಡಿಗೆಯೊಂದಿಗೆ ವಾರಕ್ಕೆರಡು ದಿನ ಸ್ನಾಯು ಬಲದ ಕೆಲಸವೂ ಬೇಕು, ಸಕ್ಕರೆ ಹಿಡಿದಿಡುವ ಜಾಗವೇ ಸ್ನಾಯು. ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ದಂಡ, ಒಂದೊಂದು ಲೀಟರಿನ ನೀರಿನ ಬಾಟಲಿ ಎತ್ತುವುದು. ತಲಾ ಹತ್ತರಂತೆ ಎರಡು ಸುತ್ತು. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ. ಏಳುವಾಗ, ಎತ್ತುವಾಗ ಉಸಿರು ಹೊರಬಿಡಿ.

ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಎಲ್ಲ ಅಂಕಿಯೂ ಒಟ್ಟಿಗೆ ಕದಲುವುದಿಲ್ಲ. ಬೇಗ ಸ್ಪಂದಿಸುವುದು ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್. ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ನಿಧಾನವಾಗಿ, ಕೆಲವೇ ಅಂಕಿ ಏರುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ವ್ಯಾಯಾಮವೊಂದಕ್ಕೇ ಹೆಚ್ಚು ಜಗ್ಗುವುದಿಲ್ಲ, ನಡೆಯುತ್ತಿದ್ದೇನೆಂದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಬೇಡಿ. ಎಚ್‌ಬಿಎ1ಸಿ ಎಂಬುದು ರಕ್ತದ ಸಕ್ಕರೆಯ ಎರಡು-ಮೂರು ತಿಂಗಳ ಸರಾಸರಿ. ತಿಂಗಳಿಗೇ ಮಾಡಿಸಿದರೆ ದುಡ್ಡು ದಂಡ. ಇನ್ನು ಲಿವರ್ ಪರೀಕ್ಷೆಗೆ ಮೊದಲ ಒಂದು ವಾರ ಜಿಮ್ಮಿನಲ್ಲಿ ಭಾರ ಎತ್ತಬೇಡಿ. ದಣಿದ ಸ್ನಾಯುವಿನಿಂದಲೂ ಆ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳು ಏರಿ ಸುಮ್ಮನೆ ಗಾಬರಿಯಾಗುತ್ತದೆ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮುನ್ನ ಶುಗರ್ ನೋಡಲಿ. 90ಕ್ಕಿಂತ ಕಡಿಮೆಯಿದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ನಡುವೆ ಕೈ ನಡುಗಿ ಬೆವರು ಕಿತ್ತುಕೊಂಡು ಬಂದರೆ ಕೂತು ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಎದೆ ಬಿಗಿದರೆ, ನೋವು ದವಡೆಗೋ ತೋಳಿಗೋ ಹರಿದರೆ ನಡಿಗೆ ಅಲ್ಲಿಗೇ ನಿಲ್ಲಲಿ, 108ಕ್ಕೆ ಕರೆ ಮಾಡಿ.